ಸೂತ್ರ ಸರಿ, ಲೆಕ್ಕವೂ ಸರಿ, ಉತ್ತರ ಮಾತ್ರ ತಪ್ಪು: ಇಳಿಜಾರು, ಚಾರ್ಜ್, ತಂತಿ

ಹೊಸಕಲಿಕೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕೆಳಗಿನ ಮೂರು ಲೆಕ್ಕಗಳಿಗೆ ಸರಿಯಾದ ಸೂತ್ರವನ್ನೇ ಹಾಕಿದ್ದೇನೆ ಅನ್ನಿಸುತ್ತೆ, ಕೂಡಿಸಿ ಗುಣಿಸಿದ್ದರಲ್ಲೂ ತಪ್ಪಿಲ್ಲ. ಆದರೆ ಪುಸ್ತಕದ ಹಿಂದಿರುವ ಉತ್ತರಕ್ಕೆ ಒಂದೂ ತಾಳೆಯಾಗ್ತಿಲ್ಲ. ಬರೀ ಉತ್ತರ ಬೇಡ, ಯಾವ ಹೆಜ್ಜೆ ಯಾಕೆ ತಪ್ಪು ಅನ್ನೋದು ಬೇಕು.

ಲೆಕ್ಕ 1. 30° ಇಳಿಜಾರಿನ ಮೇಲೆ 5 ಕೆಜಿ ಪೆಟ್ಟಿಗೆಯನ್ನಿಟ್ಟು ಕೈ ಬಿಡಲಾಗಿದೆ. ಸ್ಥಿತ ಘರ್ಷಣಾಂಕ 0.7, ಚಲ ಘರ್ಷಣಾಂಕ 0.5. ಘರ್ಷಣ ಬಲ ಮತ್ತು ವೇಗೋತ್ಕರ್ಷ ಎಷ್ಟು?
ನಾನು ಮಾಡಿದ್ದು: ಪೆಟ್ಟಿಗೆಯ ತೂಕ ಎಂಜಿ = 5 × 9.8. ಇಳಿಜಾರಿನ ಗುಂಟ ಕೆಳಕ್ಕೆ ಎಂಜಿ ಸೈನ್ 30° = 24.5 ನ್ಯೂಟನ್. ನಾರ್ಮಲ್ ಬಲ (ಮೇಲ್ಮೈ ತನಗೆ ಲಂಬವಾಗಿ ಪೆಟ್ಟಿಗೆಯನ್ನು ತಳ್ಳುವ ಬಲ) ಎಂಜಿ ಕಾಸ್ 30° = 42.4 ನ್ಯೂಟನ್. ಘರ್ಷಣೆ 0.7 × 42.4 = 29.7 ನ್ಯೂಟನ್, ಮೇಲ್ಮುಖ. ಕಳೆದರೆ −5.2 ನ್ಯೂಟನ್. ವೇಗೋತ್ಕರ್ಷ ಸುಮಾರು 1 ಮೀ/ಸೆ², ಇಳಿಜಾರಿನ ಮೇಲಕ್ಕೆ! ಪೆಟ್ಟಿಗೆ ತಾನಾಗೇ ಮೇಲೆ ಹತ್ತೋದು ಅಸಾಧ್ಯ ಅಂತ ಗೊತ್ತು, ಆದರೆ ಲೆಕ್ಕ ಹಾಗೇ ಹೇಳ್ತಿದೆ.

ಲೆಕ್ಕ 2. +4 ಮೈಕ್ರೊಕೂಲಂ ಮತ್ತು −1 ಮೈಕ್ರೊಕೂಲಂ ಚಾರ್ಜ್‌ಗಳ ನಡುವೆ 30 ಸೆಂಮೀ ಅಂತರ. ವಿದ್ಯುತ್ ಕ್ಷೇತ್ರ ಸೊನ್ನೆಯಾಗುವ ಬಿಂದು ಎಲ್ಲಿದೆ?
ನಾನು: ಎರಡರ ಕ್ಷೇತ್ರವನ್ನೂ ಸಮ ಮಾಡಿ 4/ಡಿ² = 1/(30 − ಡಿ)² ಎಂದು ಬರೆದೆ (ಡಿ ಅಂದರೆ +4ರಿಂದ ದೂರ). ಡಿ = 20 ಸೆಂಮೀ ಬಂತು. ಎರಡೂ ಕಡೆ ಹಾಕಿ ನೋಡಿದರೆ ಸಮೀಕರಣ ಸರಿಯಾಗೇ ಕೂತುಕೊಳ್ಳುತ್ತೆ. ಪುಸ್ತಕದಲ್ಲಿ ಬೇರೆ ಉತ್ತರ.

ಲೆಕ್ಕ 3. 60 ಸೆಂಮೀ ಉದ್ದದ, 0.6 ಗ್ರಾಂ ದ್ರವ್ಯರಾಶಿಯ ತಂತಿಯನ್ನು 90 ನ್ಯೂಟನ್ ಟೆನ್ಷನ್‌ನಲ್ಲಿ ಬಿಗಿದು ಮೀಟಲಾಗಿದೆ. ಮೂಲ ಆವೃತ್ತಿ ಎಷ್ಟು? ಟೆನ್ಷನ್ ಇಮ್ಮಡಿಯಾದರೆ ಆವೃತ್ತಿ ಮತ್ತು ತರಂಗದೂರ ಏನಾಗುತ್ತವೆ?
ನಾನು: ಮೊದಲನೆಯದು 250 ಹರ್ಟ್ಸ್, ಇದು ಸರಿ ಇದೆ. ಎರಡನೆಯದಕ್ಕೆ "ವೇಗ ಬದಲಾದರೂ ಆವೃತ್ತಿ ಬದಲಾಗಲ್ಲ" ಎಂಬ ನಿಯಮ ಹಿಡಿದು ಆವೃತ್ತಿ 250ರಲ್ಲೇ ಬಿಟ್ಟು ತರಂಗದೂರವನ್ನು √2 ಪಟ್ಟು ಹೆಚ್ಚಿಸಿದೆ. ತಪ್ಪಂತೆ.

---

ಓರೆಪಟ್ಟಿ

ಲೆಕ್ಕ 1ನ್ನು ನಾನು ತಗೊಳ್ತೀನಿ.

29.7 ನ್ಯೂಟನ್ ಅನ್ನೋದು ಘರ್ಷಣೆ ಕೊಡಬಲ್ಲ ಗರಿಷ್ಠ ಬಲ. ಈಗ ಅದು ಅಷ್ಟನ್ನೇ ಕೊಡ್ತಿದೆ ಅಂತ ಯಾರೂ ಹೇಳಿಲ್ಲ. ಸ್ಥಿತ ಘರ್ಷಣೆಗೆ ತನ್ನದೇ ಆದ ಅಳತೆ ಇಲ್ಲ. ಜಾರದಂತೆ ತಡೆಯೋಕೆ ಎಷ್ಟು ಬೇಕೋ ಅಷ್ಟೇ ಕೊಡುತ್ತೆ, ಮಿತಿ ಬರುವ ತನಕ. ಹಾಗಾಗಿ ಸೂತ್ರದಲ್ಲಿ ಸಮ ಚಿಹ್ನೆ ಹಾಕಬಾರದು, "ಇದಕ್ಕಿಂತ ಹೆಚ್ಚಲ್ಲ" ಎಂಬ ಚಿಹ್ನೆ ಹಾಕಬೇಕು. ನೀವು ಕಂಡ ಅಸಾಧ್ಯ ಉತ್ತರ ಪೂರ್ತಿ ಆ ಸಮ ಚಿಹ್ನೆಯಿಂದಲೇ ಹುಟ್ಟಿದ್ದು.

ಕ್ರಮ ಹೀಗಿರಲಿ. ಮೊದಲು ಪೆಟ್ಟಿಗೆ ನಿಂತೇ ಇದೆ ಅಂದುಕೊಳ್ಳಿ, ವೇಗೋತ್ಕರ್ಷ ಸೊನ್ನೆ. ಹಾಗೆ ನಿಲ್ಲೋಕೆ ಎಷ್ಟು ಘರ್ಷಣೆ ಬೇಕು? 24.5 ನ್ಯೂಟನ್, ಮೇಲ್ಮುಖವಾಗಿ. ಆಮೇಲೆ ಮಿತಿ ನೋಡಿ: 29.7. ಬೇಕಾದ್ದು ಮಿತಿಯೊಳಗಿದೆ, ಆದ್ದರಿಂದ ಪೆಟ್ಟಿಗೆ ನಿಲ್ಲುತ್ತೆ. ಘರ್ಷಣೆ 24.5 ನ್ಯೂಟನ್, ವೇಗೋತ್ಕರ್ಷ ಸೊನ್ನೆ. ಬೇಕಾದ್ದು ಮಿತಿ ದಾಟಿದ್ದರೆ ಮಾತ್ರ ಸ್ಥಿತ ಘರ್ಷಣೆಯನ್ನು ಪಕ್ಕಕ್ಕಿಟ್ಟು ಚಲ ಘರ್ಷಣಾಂಕ ತಗೊಳ್ಳಬೇಕು. ಎರಡೂ ಒಟ್ಟಿಗೆ ಒಂದೇ ಸಮೀಕರಣದಲ್ಲಿ ಬರೋದೇ ಇಲ್ಲ.

ಬರೀ ಇಟ್ಟು ಬಿಟ್ಟ ಪೆಟ್ಟಿಗೆಯಾದರೆ ಇನ್ನೂ ಸುಲಭ. ಟ್ಯಾನ್ 30° = 0.577, ಅದು 0.7ಕ್ಕಿಂತ ಕಡಿಮೆ, ಜಾರಲ್ಲ. ದ್ರವ್ಯರಾಶಿ ಬೇಕಾಗೇ ಇಲ್ಲ. ಜಾರೋಕೆ ಶುರುವಾಗೋದು ಟ್ಯಾನ್ 0.7 ಆಗುವ ಕೋನದಲ್ಲಿ, ಅಂದರೆ ಸುಮಾರು 35°. ಅದೇ ಪೆಟ್ಟಿಗೆಯನ್ನು 40° ಇಳಿಜಾರಿನಲ್ಲಿಟ್ಟರೆ ಕೆಳಗೆಳೆಯುವ ಬಲ 31.5, ನಾರ್ಮಲ್ 37.5, ಸ್ಥಿತ ಮಿತಿ 26.3. ಈಗ ಜಾರುತ್ತೆ. ಚಲ ಘರ್ಷಣೆ 0.5 × 37.5 = 18.8, ಉಳಿದ ಬಲ 12.7 ನ್ಯೂಟನ್, ವೇಗೋತ್ಕರ್ಷ 2.5 ಮೀ/ಸೆ².

ಈಗ ಅದೇ 30° ಲೆಕ್ಕವನ್ನು ಸ್ವಲ್ಪ ಮುಂದುವರಿಸಿ, ಘರ್ಷಣೆಯ ಸ್ವಭಾವ ಇಲ್ಲೇ ಬಯಲಾಗೋದು. ಇಳಿಜಾರಿನ ಗುಂಟ ಮೇಲಕ್ಕೆ ಕೈಯಿಂದ ತಳ್ಳಿ, ಬಲವನ್ನು ನಿಧಾನಕ್ಕೆ ಹೆಚ್ಚಿಸುತ್ತಾ ಹೋಗಿ.

10 ನ್ಯೂಟನ್ ತಳ್ಳಿದರೆ ಘರ್ಷಣೆ 14.5, ಮೇಲ್ಮುಖ.
24.5 ತಳ್ಳಿದರೆ ಘರ್ಷಣೆ ಸೊನ್ನೆ.
40 ತಳ್ಳಿದರೆ ಘರ್ಷಣೆ 15.5, ಈಗ ಕೆಳಮುಖ.
54.2 ತಳ್ಳಿದರೆ ಘರ್ಷಣೆ 29.7 ಕೆಳಮುಖ, ಮಿತಿ ಮುಟ್ಟಿತು.

ಇಷ್ಟು ಹೊತ್ತೂ ಪೆಟ್ಟಿಗೆ ಒಂದು ಕೂದಲೆಳೆಯಷ್ಟೂ ಅಲುಗಿಲ್ಲ, ಘರ್ಷಣೆಯ ದಿಕ್ಕು ಮಾತ್ರ ತಿರುವುಮುರುವಾಗಿದೆ. 54.2 ದಾಟಿದ ಕ್ಷಣ ಚಲ ಘರ್ಷಣೆ ಶುರು, ಬಲ 0.5 × 42.4 = 21.2ಕ್ಕೆ ಇಳಿಯುತ್ತೆ, ಆದ್ದರಿಂದ ಪೆಟ್ಟಿಗೆ ಮೆಲ್ಲಗೆ ಹೊರಡೋ ಬದಲು 1.7 ಮೀ/ಸೆ² ವೇಗೋತ್ಕರ್ಷದಿಂದ ಗಕ್ಕನೆ ಕಿತ್ತುಕೊಂಡು ಹೊರಡುತ್ತೆ. ಭಾರದ ಬೀರು ತಳ್ಳುವಾಗ ಆಗೋದು ಇದೇ.

ಇನ್ನೊಂದು ಬಲೆ ಇದೆ. ಪ್ರಶ್ನೆಯಲ್ಲಿ "ಅಡ್ಡಲಾಗಿ 40 ನ್ಯೂಟನ್ ತಳ್ಳಲಾಗಿದೆ" ಅಂತಿದ್ದರೆ ಆ ಬಲದ ಒಂದು ಭಾಗ ಪೆಟ್ಟಿಗೆಯನ್ನು ಇಳಿಜಾರಿಗೆ ಒತ್ತುತ್ತೆ. ಆಗ ನಾರ್ಮಲ್ 42.4 + 40 ಸೈನ್ 30° = 62.4 ನ್ಯೂಟನ್ ಆಗುತ್ತೆ, ಘರ್ಷಣೆಯ ಮಿತಿಯೂ 43.7ಕ್ಕೆ ಏರುತ್ತೆ. "ಗುಂಟ" ಮತ್ತು "ಅಡ್ಡಲಾಗಿ" ಎಂಬ ಒಂದೊಂದು ಪದದಲ್ಲೇ ಇಡೀ ಲೆಕ್ಕ ಬೇರೆಯಾಗುತ್ತೆ. ಓದುವಾಗ ಅಡಿಗೆರೆ ಎಳೆಯಬೇಕಾದ್ದು ಸಂಖ್ಯೆಗಳಿಗಲ್ಲ, ಇಂಥ ಪದಗಳಿಗೆ.

---

ಸದಿಶ

ಲೆಕ್ಕ 2 ಇನ್ನೂ ಚೆನ್ನಾಗಿದೆ, ಯಾಕೆಂದರೆ ನಿಮ್ಮ ಸಮೀಕರಣ ಸುಳ್ಳು ಹೇಳಿಲ್ಲ. ನೀವು ಕೇಳಿದ್ದು "ಎರಡೂ ಕ್ಷೇತ್ರಗಳ ಪರಿಮಾಣ ಎಲ್ಲಿ ಸಮ?" ಅಂತ. ಅದಕ್ಕೆ 20 ಸೆಂಮೀ ಸರಿಯಾದ ಉತ್ತರವೇ. ಪ್ರಶ್ನೆಗೆ ಬೇಕಿದ್ದದ್ದು ಪರಿಮಾಣ ಸಮವಾಗಿ ದಿಕ್ಕು ಎದುರುಬದುರಾಗುವ ಜಾಗ.

20 ಸೆಂಮೀ ಬಿಂದುವಿನಲ್ಲಿ ಒಂದು ಪುಟ್ಟ ಧನ ಚಾರ್ಜ್ ಇಡಿ. ಎಡಗಡೆಯ +4 ಅದನ್ನು ಬಲಕ್ಕೆ ತಳ್ಳುತ್ತೆ. ಬಲಗಡೆಯ −1 ಅದನ್ನು ಬಲಕ್ಕೇ ಸೆಳೆಯುತ್ತೆ. ಎರಡೂ ಬಾಣ ಒಂದೇ ಕಡೆ. ಪ್ರತಿಯೊಂದೂ 9 ಲಕ್ಷ ನ್ಯೂಟನ್/ಕೂಲಂ, ಒಟ್ಟು 18 ಲಕ್ಷ. ಸೊನ್ನೆ ಅಂದುಕೊಂಡ ಜಾಗದಲ್ಲಿ ಇಷ್ಟು.

ಆದ್ದರಿಂದ ಸಮೀಕರಣ ಬರೆಯೋ ಮುಂಚೆ ರೇಖೆಯನ್ನು ಮೂರು ತುಂಡು ಮಾಡಿ ಬಾಣ ಹಾಕಬೇಕು. ನಡುವೆ: ಬಾಣಗಳು ಒಂದೇ ದಿಕ್ಕು, ಸೊನ್ನೆ ಸಾಧ್ಯವಿಲ್ಲ. +4ರ ಎಡಕ್ಕೆ: ಬಾಣಗಳು ಎದುರುಬದುರು, ಆದರೆ ದೊಡ್ಡ ಚಾರ್ಜೇ ಹತ್ತಿರ ಇದೆ, ಚಿಕ್ಕದು ಯಾವತ್ತೂ ಅದನ್ನು ಸರಿಗಟ್ಟಲ್ಲ. −1ರ ಬಲಕ್ಕೆ: ಎದುರುಬದುರು, ಚಿಕ್ಕದು ಹತ್ತಿರ, ದೊಡ್ಡದು ದೂರ. ಇಲ್ಲಿ ಮಾತ್ರ ಸಾಧ್ಯ. −1ರಿಂದ ಬಲಕ್ಕೆ ಎಕ್ಸ್ ಸೆಂಮೀ ಅಂದರೆ

4/(30 + ಎಕ್ಸ್)² = 1/ಎಕ್ಸ್²
2 ಎಕ್ಸ್ = 30 + ಎಕ್ಸ್
ಎಕ್ಸ್ = 30 ಸೆಂಮೀ.

ತಾಳೆ ನೋಡಿ: 60 ಸೆಂಮೀ ದೂರದ +4ರಿಂದ 1 ಲಕ್ಷ, 30 ಸೆಂಮೀ ದೂರದ −1ರಿಂದ 1 ಲಕ್ಷ ನ್ಯೂಟನ್/ಕೂಲಂ, ವಿರುದ್ಧ ದಿಕ್ಕಿಗೆ. ಸೊನ್ನೆ.

ಇಲ್ಲೊಂದು ಸ್ವಾರಸ್ಯ. ವರ್ಗಮೂಲ ತೆಗೆಯುವಾಗ 2 ಎಕ್ಸ್ = −(30 + ಎಕ್ಸ್) ಎಂಬ ಇನ್ನೊಂದು ದಾರಿಯೂ ಇದೆ. ಅದರಿಂದ ಎಕ್ಸ್ = −10, ಅಂದರೆ −1ರ ಎಡಕ್ಕೆ 10 ಸೆಂಮೀ, +4ರಿಂದ 20 ಸೆಂಮೀ. ನಿಮ್ಮದೇ ಬಿಂದು! ವರ್ಗ ಮಾಡಿದ ಕೂಡಲೇ ದಿಕ್ಕಿನ ಮಾಹಿತಿ ಅಳಿಸಿಹೋಗುತ್ತೆ, ಸಮೀಕರಣಕ್ಕೆ ಎರಡೂ ಬಿಂದು ಒಂದೇ. ಅವುಗಳಲ್ಲಿ ಆಯ್ಕೆ ಮಾಡೋದು ಚಿತ್ರದ ಕೆಲಸ.

ವಿಭವ (ಪೊಟೆನ್ಷಿಯಲ್) ಸೊನ್ನೆಯಾಗೋದು ಎಲ್ಲಿ ಅಂತ ಕೇಳಿದ್ದರೆ ಕಥೆಯೇ ಬೇರೆ. ವಿಭವಕ್ಕೆ ದಿಕ್ಕಿಲ್ಲ, ಧನ ಋಣ ಮಾತ್ರ. 4/(+4ರಿಂದ ದೂರ) = 1/(−1ರಿಂದ ದೂರ) ರೂಪದ ಸಮೀಕರಣ ಬರುತ್ತೆ, ವರ್ಗವಿಲ್ಲ. ಉತ್ತರ ಎರಡು ಬಿಂದು: ನಡುವೆ +4ರಿಂದ 24 ಸೆಂಮೀ, ಮತ್ತು −1ರ ಆಚೆಗೆ 10 ಸೆಂಮೀ. ಆ ಎರಡೂ ಕಡೆ ಕ್ಷೇತ್ರ ಸೊನ್ನೆಯಲ್ಲ. ಕ್ಷೇತ್ರ ಸೊನ್ನೆಯಿರುವ ಕಡೆ ವಿಭವ ಸೊನ್ನೆಯಲ್ಲ. ಇವೆರಡನ್ನೂ ಒಂದೇ ಅಂದುಕೊಳ್ಳೋದು ತುಂಬಾ ಸಾಮಾನ್ಯ. ಕ್ಷೇತ್ರದ ಸೂತ್ರಕ್ಕೆ ಚಾರ್ಜಿನ ಪರಿಮಾಣ ಮಾತ್ರ ಹಾಕಿ, ದಿಕ್ಕನ್ನು ಬಾಣಕ್ಕೆ ಬಿಡಿ. ವಿಭವದ ಸೂತ್ರಕ್ಕೆ ಚಿಹ್ನೆ ಸಮೇತ ಹಾಕಿ. ಕ್ಷೇತ್ರದಲ್ಲೂ ಚಿಹ್ನೆ ಹಾಕಿ, ಬಾಣವನ್ನೂ ತಿರುಗಿಸಿದರೆ ಎರಡು ಸಲ ತಿರುಗಿಸಿದಂತಾಗಿ ಮೊದಲಿನ ಜಾಗಕ್ಕೇ ಬರ್ತೀರಿ.

ಏಕಮಾನದ ವಿಷಯ ಒಂದೇ ಸಾಲು: 30 ಸೆಂಮೀ ವರ್ಗ ಅಂದರೆ 0.09 ಮೀ². 0.9 ಅಲ್ಲ. ಸೆಂಟಿಮೀಟರನ್ನು ಮೀಟರಿಗೆ ತಂದ ಮೇಲೆ ವರ್ಗ ಮಾಡಿ.

---

ಮಂದ್ರತಂತಿ

ಲೆಕ್ಕ 3. "ಆವೃತ್ತಿ ಬದಲಾಗಲ್ಲ" ಅನ್ನೋದು ನಿಜವಾದ ನಿಯಮವೇ, ಆದರೆ ಅದಕ್ಕೊಂದು ಷರತ್ತಿದೆ, ಅದನ್ನು ಬಿಟ್ಟು ನೆನಪಿಟ್ಟುಕೊಂಡಿದ್ದೀರಿ. ತರಂಗ ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ದಾಟುವಾಗ ಆವೃತ್ತಿ ಬದಲಾಗಲ್ಲ, ಯಾಕೆಂದರೆ ಗಡಿಯ ಎರಡೂ ಬದಿ ಒಂದೇ ತಾಳಕ್ಕೆ ಕುಣಿಯಲೇಬೇಕು. 600 ನ್ಯಾನೊಮೀಟರ್ ಬೆಳಕು 1.33 ವಕ್ರೀಭವನಾಂಕದ ನೀರಿಗೆ ಹೋದರೆ ತರಂಗದೂರ 451 ನ್ಯಾನೊಮೀಟರ್ ಆಗುತ್ತೆ, ಆವೃತ್ತಿ ಹಾಗೇ ಇರುತ್ತೆ.

ಮೀಟಿದ ತಂತಿಯಲ್ಲಿ ಗಡಿ ದಾಟುವ ಮಾತೇ ಇಲ್ಲ. ಇಲ್ಲಿ ಕೇಳಬೇಕಾದ್ದು: ವೇಗ, ಆವೃತ್ತಿ, ತರಂಗದೂರ, ಈ ಮೂರರಲ್ಲಿ ಯಾವುದನ್ನು ಯಾರು ನಿಗದಿ ಮಾಡಿದ್ದಾರೆ?

ವೇಗವನ್ನು ತಂತಿಯ ಟೆನ್ಷನ್ ಮತ್ತು ಮೀಟರಿಗಿಷ್ಟು ಎಂಬ ದ್ರವ್ಯರಾಶಿ ನಿಗದಿ ಮಾಡ್ತವೆ. ತರಂಗದೂರವನ್ನು ಎರಡು ಬಿಗಿ ತುದಿಗಳು: ಮೂಲ ಕಂಪನದಲ್ಲಿ ತುದಿಯಿಂದ ತುದಿಗೆ ಅರ್ಧ ತರಂಗ, ಆದ್ದರಿಂದ 2 × 0.6 = 1.2 ಮೀ. ಟೆನ್ಷನ್ ಏನೇ ಇರಲಿ ಅದು 1.2 ಮೀಟರೇ. ಆವೃತ್ತಿಯನ್ನು ಯಾರೂ ಹಿಡಿದಿಟ್ಟಿಲ್ಲ, ಅದು ವೇಗ ಭಾಗಿಸು ತರಂಗದೂರ. 180 ನ್ಯೂಟನ್‌ಗೆ ವೇಗ 300 × 1.414 = 424 ಮೀ/ಸೆ, ಆವೃತ್ತಿ 424/1.2 = 354 ಹರ್ಟ್ಸ್. ತಂತಿ ಬಿಗಿದರೆ ಶ್ರುತಿ ಏರುತ್ತೆ ಅನ್ನೋದು ಯಾವ ತಂತಿವಾದ್ಯ ಮುಟ್ಟಿದವರಿಗೂ ಗೊತ್ತು. ಉತ್ತರ ಅದಕ್ಕೆ ವಿರುದ್ಧ ಬಂದರೆ ಅಲ್ಲೇ ನಿಲ್ಲಬೇಕು.

ಅದೇ ತಂತಿಯ ಒಂದು ತುದಿಗೆ 250 ಹರ್ಟ್ಸ್‌ನ ವಿದ್ಯುತ್ ಕಂಪಕ ಕಟ್ಟಿದರೆ? ಆಗ ಆವೃತ್ತಿ ಕಂಪಕದ ಕೈಯಲ್ಲಿ. ಟೆನ್ಷನ್ ಇಮ್ಮಡಿಸಿದರೆ ನಿಮ್ಮ ಲೆಕ್ಕದಂತೆಯೇ ತಂತಿಯ ಮೇಲಿನ ತರಂಗದೂರ √2 ಪಟ್ಟಾಗುತ್ತೆ, ಆದರೆ ಅದು 60 ಸೆಂಮೀ ಜಾಗದಲ್ಲಿ ಪೂರ್ಣ ಕುಣಿಕೆಗಳಾಗಿ (ಅರ್ಧ ತರಂಗದ ಉಬ್ಬುಗಳಾಗಿ) ಕೂರಲ್ಲ, ಅನುರಣನ ತಪ್ಪಿಹೋಗುತ್ತೆ. ಪ್ರಯೋಗಶಾಲೆಯ ಮೆಲ್ಡೆ ಪ್ರಯೋಗ ಇದೇ: ಕುಣಿಕೆಗಳ ಸಂಖ್ಯೆ × √ಟೆನ್ಷನ್ ಸ್ಥಿರ. ಒಂದು ಕುಣಿಕೆಗೆ 90 ನ್ಯೂಟನ್ ಬೇಕಿದ್ದರೆ ಎರಡು ಕುಣಿಕೆಗೆ 22.5 ಸಾಕು. ಟೆನ್ಷನ್ ಕಡಿಮೆ ಮಾಡಿದರೆ ಕುಣಿಕೆ ಹೆಚ್ಚಾಗೋದನ್ನು ಬಹಳ ಜನ ತಲೆಕೆಳಗಾಗಿ ಬರೀತಾರೆ.

ಗಾಳಿಯ ಕಂಬದಲ್ಲೂ ಇದೇ ಪ್ರಶ್ನೆ. ಕೊಳವೆಯನ್ನು ಊದಿದಾಗ ತರಂಗದೂರ ಕೊಳವೆಯ ಉದ್ದದಿಂದ ನಿಗದಿ. ಗಾಳಿ ಬಿಸಿಯಾದರೆ ಶಬ್ದದ ವೇಗ ಏರಿ ಆವೃತ್ತಿ ಏರುತ್ತೆ. ಒಳಗೆ ನೀರು ತುಂಬಿ ಗಾಳಿಯ ಕಂಬದ ಉದ್ದ ಬದಲಿಸುವ ಅನುರಣನ ನಾಳದ ಮೇಲೆ ಶ್ರುತಿಕವೆ (ಟ್ಯೂನಿಂಗ್ ಫೋರ್ಕ್) ಹಿಡಿದರೆ ಆವೃತ್ತಿ ಕವೆಯದ್ದು. ಗಾಳಿ ಬಿಸಿಯಾದರೆ ತರಂಗದೂರ ಹಿಗ್ಗುತ್ತೆ, ನೀರಿನ ಮಟ್ಟ ಇನ್ನೂ ಕೆಳಗಿಳಿಸಬೇಕು.

ಇನ್ನೊಂದು ಗೊಂದಲಕ್ಕೆ ಮುಂಗಡ ಉತ್ತರ: ತಂತಿಯ ಮೇಲೆ 1.2 ಮೀ ಇದ್ದ ತರಂಗದೂರ ಗಾಳಿಗೆ ಬಂದಾಗ ಅಷ್ಟೇ ಇರಲ್ಲ. ಅಲ್ಲಿ ನಿಜಕ್ಕೂ ಮಾಧ್ಯಮ ಬದಲಾಗಿದೆ, ನಿಮ್ಮ ನಿಯಮಕ್ಕೆ ಅಲ್ಲಿ ಕೆಲಸವಿದೆ. ಶಬ್ದದ ವೇಗ 343 ಮೀ/ಸೆ ಎಂದರೆ 250 ಹರ್ಟ್ಸ್‌ಗೆ ಗಾಳಿಯಲ್ಲಿ 1.37 ಮೀ.

ಮೊದಲ ಭಾಗ ನಿಮಗೆ ಸರಿ ಬಂದಿದೆ, ಆದರೂ ಹೇಳ್ತೀನಿ. 0.6 ಗ್ರಾಂ / 0.6 ಮೀ = 1 ಗ್ರಾಂ/ಮೀ. ಇದನ್ನು ಕೆಜಿಗೆ ತರದೆ √(90/1) ಮಾಡಿದರೆ ವೇಗ 9.5 ಮೀ/ಸೆ, ಆವೃತ್ತಿ 7.9 ಹರ್ಟ್ಸ್. ಮನುಷ್ಯರ ಕಿವಿಗೆ ಕೇಳೋದು ಸುಮಾರು 20 ಹರ್ಟ್ಸ್‌ನಿಂದ ಮೇಲೆ. ಮೀಟಿದರೆ ಸದ್ದೇ ಕೇಳದ ಬಿಗಿ ತಂತಿ ಎಲ್ಲಾದರೂ ಇದೆಯಾ?

---

ಹೊಸಕಲಿಕೆ

ಮೂವರಿಗೂ ಧನ್ಯವಾದ. ಮೊದಲ ಮತ್ತು ಮೂರನೇ ಲೆಕ್ಕದ ತಪ್ಪಿನ ಬೇರು ಒಂದೇ ಅಂತ ಈಗ ಕಾಣ್ತಿದೆ: ತಾನಾಗಿ ಹೊಂದಿಕೊಳ್ಳುವ ಪರಿಮಾಣವನ್ನು ಸ್ಥಿರ ಅಂತ ಹಿಡಿದೆ, ಅಥವಾ ಸ್ಥಿರವಾದದ್ದನ್ನು ಬದಲಾಗುತ್ತೆ ಅಂತ. ಇದೇ ಕಣ್ಣಿನಿಂದ ಹಳೆಯ ಲೆಕ್ಕಗಳನ್ನು ನೋಡಿದರೆ ಇನ್ನೂ ಮೂರು ಅನುಮಾನ.

ಒಂದು, ಇಳಿಜಾರಿನ ಪೆಟ್ಟಿಗೆಗೆ ನಾರ್ಮಲ್ = ಎಂಜಿ ಕಾಸ್ ತೀಟಾ (ತೀಟಾ ಅಂದರೆ ಓರೆಯ ಕೋನ). ಓರೆಯಾಗಿ ಕಟ್ಟಿದ ತಿರುವಿನ ರಸ್ತೆಯಲ್ಲಿ ಮಾತ್ರ ನಾರ್ಮಲ್ × ಕಾಸ್ ತೀಟಾ = ಎಂಜಿ. ಎರಡೂ ಓರೆ ಮೇಲ್ಮೈ ತಾನೇ? ಎರಡು, ನುಣುಪಾದ ಮೇಜಿನ ಮೇಲೆ 3 ಕೆಜಿ, ರಾಟೆಯ ಮೇಲಿಂದ ಹಾದ ದಾರದಲ್ಲಿ 2 ಕೆಜಿ ನೇತಾಡ್ತಿದೆ. ಟೆನ್ಷನ್ 2 × 9.8 = 19.6 ಯಾಕಲ್ಲ? ಮೂರು, 25 ಮೀ ಎತ್ತರದಿಂದ 20 ಮೀ/ಸೆ ವೇಗದಲ್ಲಿ ಮೇಲಕ್ಕೆ ಎಸೆದ ಕಲ್ಲು ನೆಲ ಮುಟ್ಟುವ ಕಾಲಕ್ಕೆ 5 ಮತ್ತು −1 ಸೆಕೆಂಡ್ ಎಂಬ ಎರಡು ಉತ್ತರ ಬರುತ್ತೆ. −1ನ್ನು ಸುಮ್ಮನೆ ಹೊಡೆದುಹಾಕಬಹುದಾ?

---

ಲೋಲಕ

ನಾರ್ಮಲ್ ಬಲಕ್ಕೆ ಸೂತ್ರವೇ ಇಲ್ಲ ಅಂದುಕೊಂಡುಬಿಡಿ, ಅರ್ಧ ತೊಂದರೆ ಕಳೆಯುತ್ತೆ. ಅದನ್ನು ಪ್ರತಿ ಸಲ ನ್ಯೂಟನ್ನಿನ ಎರಡನೇ ನಿಯಮದಿಂದ ಹೊಸದಾಗಿ ಹೆಕ್ಕಬೇಕು. ಅದಕ್ಕೆ ಬೇಕಾದ್ದು ಒಂದೇ ಮಾಹಿತಿ: ವೇಗೋತ್ಕರ್ಷ ಯಾವ ಕಡೆಗೆ?

ಪೆಟ್ಟಿಗೆ ಇಳಿಜಾರಿನ ಗುಂಟ ಜಾರುತ್ತೆ ಅಥವಾ ನಿಲ್ಲುತ್ತೆ. ಏನೇ ಆದರೂ ಮೇಲ್ಮೈಗೆ ಲಂಬವಾಗಿ ವೇಗೋತ್ಕರ್ಷವಿಲ್ಲ. ಆ ದಿಕ್ಕಿನಲ್ಲಿ ಬಲಗಳು ಸರಿದೂಗಬೇಕು, ನಾರ್ಮಲ್ = ಎಂಜಿ ಕಾಸ್ ತೀಟಾ. ತಿರುವಿನಲ್ಲಿರುವ ಕಾರಿನ ವೇಗೋತ್ಕರ್ಷ ವೃತ್ತದ ಕೇಂದ್ರದ ಕಡೆಗೆ, ಅಂದರೆ ನೆಲಕ್ಕೆ ಸಮಾನಾಂತರ. ಓರೆ ಮೇಲ್ಮೈಗೆ ಲಂಬವಾದ ದಿಕ್ಕಿನಲ್ಲಿ ಅದರ ಒಂದು ಭಾಗ ಇದ್ದೇ ಇದೆ, ಆ ದಿಕ್ಕಿನಲ್ಲಿ ಸರಿದೂಗಿಸೋ ಹಾಗಿಲ್ಲ. ವೇಗೋತ್ಕರ್ಷ ಇಲ್ಲದ ದಿಕ್ಕು ನೇರ ಮೇಲೆ ಕೆಳಗೆ, ಅಲ್ಲಿ ಸರಿದೂಗಿಸಿ: ನಾರ್ಮಲ್ × ಕಾಸ್ ತೀಟಾ = ಎಂಜಿ.

ಸಂಖ್ಯೆ ಹಾಕಿ ನೋಡಿ. 1000 ಕೆಜಿ ಕಾರು, 20° ಓರೆ, 50 ಮೀ ತ್ರಿಜ್ಯ. ಅಲ್ಲೇ ನಿಲ್ಲಿಸಿದ್ದರೆ ನಾರ್ಮಲ್ 9800 × 0.940, ಸುಮಾರು 9210 ನ್ಯೂಟನ್. ಜಾರದಂತೆ ಹಿಡಿಯೋಕೆ ಘರ್ಷಣೆ ಬೇಕು. ಘರ್ಷಣೆಯ ನೆರವಿಲ್ಲದೆ ತಿರುಗುವ ವೇಗದಲ್ಲಿ ಹೋಗ್ತಿದ್ದರೆ 9800/0.940, ಸುಮಾರು 10,430 ನ್ಯೂಟನ್. ಆ ವೇಗ √(50 × 9.8 × ಟ್ಯಾನ್ 20°) = 13.4 ಮೀ/ಸೆ, ಗಂಟೆಗೆ ಸುಮಾರು 48 ಕಿಮೀ. ಅದೇ ಕಾರು, ಅದೇ ರಸ್ತೆ, ಸಾವಿರದ ಇನ್ನೂರು ನ್ಯೂಟನ್ ವ್ಯತ್ಯಾಸ. ರಸ್ತೆ ಬರೀ ಹೊರುತ್ತಿಲ್ಲ, ಕಾರನ್ನು ತಿರುಗಿಸಲೂ ಬೇಕಲ್ಲ.

ಇದೇ ಚಿತ್ರದಲ್ಲಿ "ಕೇಂದ್ರಾಭಿಮುಖ ಬಲ" ಅಂತ ಮೂರನೇ ಬಾಣ ಹಾಕುವವರು ಬಹಳ. ಪ್ರತಿ ಬಾಣದ ಪಕ್ಕ "ಯಾರು ಕೊಟ್ಟದ್ದು?" ಅಂತ ಬರೆಯಿರಿ. ಎಂಜಿ ಭೂಮಿ ಕೊಟ್ಟದ್ದು, ನಾರ್ಮಲ್ ರಸ್ತೆ ಕೊಟ್ಟದ್ದು. ಮೂರನೆಯದಕ್ಕೆ ಕೊಡುವವರೇ ಇಲ್ಲ, ಅದು ನಾರ್ಮಲ್‌ನ ಅಡ್ಡ ಭಾಗವೇ. ಹೆಸರು ಸಿಗದ ಬಾಣವನ್ನು ಅಳಿಸಿಬಿಡಿ.

ಟೆನ್ಷನ್ ಕೂಡ ನಾರ್ಮಲ್‌ನ ಜಾತಿಯದ್ದೇ. 2 ಕೆಜಿ ತುಂಡು ನಿಶ್ಚಲವಾಗಿ ನೇತಾಡ್ತಿದ್ದರೆ ಟೆನ್ಷನ್ 19.6. ಆದರೆ ಅದು ಕೆಳಕ್ಕೆ ವೇಗ ಹೆಚ್ಚಿಸಿಕೊಳ್ತಾ ಇಳೀತಿದೆ, ಅಂದರೆ ಎಳೆತಕ್ಕಿಂತ ತಡೆ ಕಡಿಮೆ ಇರಲೇಬೇಕು. ಎರಡು ತುಂಡಿಗೂ ಬೇರೆ ಬೇರೆ ಚಿತ್ರ ಬರೆಯಿರಿ. ನೇತಾಡುವುದಕ್ಕೆ 19.6 − ಟೆನ್ಷನ್ = 2 × ವೇಗೋತ್ಕರ್ಷ. ಮೇಜಿನದಕ್ಕೆ ಟೆನ್ಷನ್ = 3 × ವೇಗೋತ್ಕರ್ಷ. ಕೂಡಿಸಿದರೆ ವೇಗೋತ್ಕರ್ಷ 19.6/5 = 3.92 ಮೀ/ಸೆ², ಟೆನ್ಷನ್ 11.8 ನ್ಯೂಟನ್.

ಉತ್ತರ ನಂಬಬಹುದಾ ಅಂತ ತಿಳಿಯೋಕೆ ಅತಿರೇಕಕ್ಕೆ ಒಯ್ಯಿರಿ. ಮೇಜಿನ ತುಂಡಿನ ದ್ರವ್ಯರಾಶಿ ಸೊನ್ನೆ ಅಂದರೆ ದಾರಕ್ಕೆ ಎಳೆಯೋಕೆ ಏನೂ ಇಲ್ಲ, ಟೆನ್ಷನ್ ಸೊನ್ನೆ ಆಗಬೇಕು. ಅದು ಬಂಡೆಯಷ್ಟು ಭಾರ ಅಂದರೆ ಏನೂ ಅಲುಗಲ್ಲ, ಟೆನ್ಷನ್ 19.6 ಆಗಬೇಕು. ಸಂಖ್ಯೆಗಳ ಬದಲು ಅಕ್ಷರ ಇಟ್ಟುಕೊಂಡು ಬಿಡಿಸಿದ್ದರೆ ಈ ಪರೀಕ್ಷೆ ಅರ್ಧ ನಿಮಿಷದ ಕೆಲಸ. ಮೊದಲ ಸಾಲಲ್ಲೇ 9.8 ತುರುಕಿದವರಿಗೆ ಈ ಸೌಲಭ್ಯ ಇಲ್ಲ.

---

ಸದಿಶ

ಲೋಲಕ ಅವರ ಮಾತಿಗೆ ಒಂದು ತಿದ್ದುಪಡಿ. ತಿರುವಿನ ಲೆಕ್ಕಕ್ಕೆ ಓರೆ ಅಕ್ಷ ಹಾಕಿದರೆ ತಪ್ಪು ಅಂತ ಯಾರೂ ತಿಳಿಯಬಾರದು. ಮೇಲ್ಮೈಗೆ ಲಂಬ ದಿಕ್ಕಿನಲ್ಲಿ ನಾರ್ಮಲ್ − ಎಂಜಿ ಕಾಸ್ ತೀಟಾ = ಎಂ × ವೇಗೋತ್ಕರ್ಷ × ಸೈನ್ ತೀಟಾ ಅಂತ ಬರೆದು, ಘರ್ಷಣೆಯಿಲ್ಲದ ವೇಗೋತ್ಕರ್ಷ ಜಿ ಟ್ಯಾನ್ ತೀಟಾ ಹಾಕಿ. ಕೊನೆಗೆ ಬರೋದು ಅದೇ ಎಂಜಿ/ಕಾಸ್ ತೀಟಾ. ಅಕ್ಷ ಹೇಗೆ ಇಟ್ಟರೂ ಪ್ರಕೃತಿಗೆ ಲೆಕ್ಕಕ್ಕಿಲ್ಲ, ವೇಗೋತ್ಕರ್ಷದ ಗುಂಟ ಒಂದು ಅಕ್ಷ ಇಟ್ಟರೆ ನಮಗೆ ಬರವಣಿಗೆ ಕಡಿಮೆ ಅಷ್ಟೇ. ಬಲಪಕ್ಕದಲ್ಲಿ ಸೊನ್ನೆ ಬರೆಯೋ ಮುಂಚೆ ಆ ದಿಕ್ಕಿನಲ್ಲಿ ವೇಗೋತ್ಕರ್ಷ ಇದೆಯಾ ಅಂತ ನೋಡೋದನ್ನು ಮಾತ್ರ ಬಿಡಬೇಡಿ.

ಕಲ್ಲಿನ ಲೆಕ್ಕ: ಮೇಲ್ಮುಖ ಧನ, ಜಿ = 10 ಅಂತ ಹಿಡಿದಿದ್ದೀರಿ. −25 = 20 ಟಿ − 5 ಟಿ², ಅಂದರೆ ಟಿ² − 4 ಟಿ − 5 = 0. ಬೇರುಗಳು 5 ಮತ್ತು −1. ಸಮೀಕರಣಕ್ಕೆ ನೀವು ಸೊನ್ನೆ ಸೆಕೆಂಡಿನಲ್ಲಿ ಎಸೆದದ್ದು ಗೊತ್ತಿಲ್ಲ. ಅದಕ್ಕೆ ಗೊತ್ತಿರೋದು "ಸೊನ್ನೆ ಸೆಕೆಂಡಿನಲ್ಲಿ ಕಲ್ಲು ಇಲ್ಲಿತ್ತು, ವೇಗ ಇಷ್ಟಿತ್ತು" ಎಂಬುದು ಮಾತ್ರ. ಒಂದು ಸೆಕೆಂಡ್ ಮೊದಲು ನೆಲದಿಂದಲೇ 30 ಮೀ/ಸೆ ವೇಗದಲ್ಲಿ ಎಸೆದಿದ್ದರೂ ಅದು ಸರಿಯಾಗಿ ಸೊನ್ನೆಯಲ್ಲಿ 25 ಮೀ ಎತ್ತರ ದಾಟುತ್ತಿತ್ತು, ವೇಗ 20 ಇರುತ್ತಿತ್ತು. −1 ಹೇಳೋದು ಅದನ್ನೇ. ನೆಲ ಮುಟ್ಟುವಾಗಿನ ವೇಗ 20 − 50 = −30, ಪರಿಮಾಣ ಅದೇ 30, ನೋಡಿ. ನಿಮ್ಮ ಪ್ರಶ್ನೆಗೆ 5 ಸೆಕೆಂಡ್. ಹೊಡೆದುಹಾಕಿ, ಆದರೆ ಪಕ್ಕದಲ್ಲಿ "ಎಸೆಯುವ ಮೊದಲಿನ ಕಾಲ" ಅಂತ ಕಾರಣ ಬರೆದು ಹೊಡೆದುಹಾಕಿ.

ಈ ಲೆಕ್ಕದಲ್ಲಿ ಜನ ಹೆಚ್ಚಾಗಿ ಎಡವೋದು ಚಿಹ್ನೆಯಲ್ಲಿ. ಸೂತ್ರದಲ್ಲಿ ಮೈನಸ್ ಬರೆದು ಜಿ = −10 ಅಂತಲೂ ಹಾಕಿದರೆ ಕಲ್ಲು ಆಕಾಶ ಸೇರುತ್ತೆ. ಜಿ ಯಾವಾಗಲೂ ಧನ ಸಂಖ್ಯೆ ಇರಲಿ, ದಿಕ್ಕಿನ ಮೈನಸ್ ಅದರ ಹೊರಗೆ ಇರಲಿ.

ಹಾಂ, ಕ್ಯಾಲ್ಕುಲೇಟರಿನಲ್ಲಿ ಸೈನ್ 30 ಒತ್ತಿದರೆ 0.5 ಬರದೆ −0.988 ಬಂದರೆ ಅದು ರೇಡಿಯನ್‌ನಲ್ಲಿದೆ.

---

ಓರೆಪಟ್ಟಿ

ಕಲ್ಲಿನ ಲೆಕ್ಕದಲ್ಲಿ ಏರಿಕೆ, ಇಳಿಕೆ ಎರಡಕ್ಕೂ ಒಂದೇ ಸಮೀಕರಣ ಸಾಕಾಗೋದು ಯಾಕೆ ಅಂತ ಗಮನಿಸಿ: ಹೋಗುವಾಗಲೂ ಬರುವಾಗಲೂ ವೇಗೋತ್ಕರ್ಷ ಬದಲಾಗಲ್ಲ. ಇದನ್ನೇ ಅಭ್ಯಾಸ ಮಾಡಿಕೊಂಡು ಘರ್ಷಣೆ ಇರುವ ಇಳಿಜಾರಿಗೂ ಹಾಕಿದರೆ ಕೆಡುತ್ತೆ.

ಲೆಕ್ಕ 1ರ ಪೆಟ್ಟಿಗೆಯನ್ನೇ 6 ಮೀ/ಸೆ ವೇಗದಲ್ಲಿ ಮೇಲಕ್ಕೆ ತಳ್ಳಿ ಬಿಡಿ. ಏರುವಾಗ ಘರ್ಷಣೆ ಕೆಳಮುಖ, ಜಿ ಸೈನ್ ಜೊತೆ ಕೂಡಿಕೊಳ್ಳುತ್ತೆ: 4.90 + 4.24 = 9.14 ಮೀ/ಸೆ² ನಿಧಾನಗತಿ. 1.97 ಮೀ ಹತ್ತಿ 0.66 ಸೆಕೆಂಡಿನಲ್ಲಿ ನಿಲ್ಲುತ್ತೆ. ಒಂದೇ ಸಮೀಕರಣ ಮುಂದುವರಿಸಿದರೆ 1.31 ಸೆಕೆಂಡಿಗೆ ವಾಪಸ್ ತಳಕ್ಕೆ ಬಂತು ಅನ್ನುತ್ತೆ. ನಿಜವಾಗಿ ಅದು ವಾಪಸ್ ಬರೋದೇ ಇಲ್ಲ. ನಿಂತ ಕ್ಷಣ ಮತ್ತೆ ಸ್ಥಿತ ಘರ್ಷಣೆಯ ಪ್ರಶ್ನೆ, 0.577 ಮತ್ತು 0.7, ಅಲ್ಲೇ ಉಳಿಯುತ್ತೆ.

ಸ್ಥಿತ ಘರ್ಷಣಾಂಕ 0.55 ಆಗಿದ್ದರೆ ಇಳಿಯುತ್ತೆ. ಈಗ ಘರ್ಷಣೆ ಮೇಲ್ಮುಖ, 4.90 − 4.24 = 0.66 ಮೀ/ಸೆ². ಇಳಿಯೋಕೆ ಸುಮಾರು 2.45 ಸೆಕೆಂಡ್, ತಳ ತಲುಪುವಾಗ ವೇಗ 1.6 ಮೀ/ಸೆ. ಶಕ್ತಿಯಿಂದಲೂ ತಾಳೆ ನೋಡಬಹುದು: ಶುರುವಿನಲ್ಲಿ 90 ಜೂಲ್, ಹೋಗಿ ಬರುವ 3.94 ಮೀ ಉದ್ದಕ್ಕೂ 21.2 ನ್ಯೂಟನ್ ಘರ್ಷಣೆ ತಿಂದದ್ದು 83.5, ಉಳಿದದ್ದು 6.5 ಜೂಲ್. 5 ಕೆಜಿಗೆ ಅದು 1.6 ಮೀ/ಸೆ.